ಇಬ್ಬರು ಎತ್ತಿದ ಜೋಳದ ಬುಟ್ಟಿ

ನಾನು ರೊಟ್ಟಿ ಬಡಿಯುತ್ತಿದ್ದೆ. ಒಂಬತ್ತನೆಯ ತರಗತಿಯ ನನ್ನ ಮಗಳು ಸುಮಂಗಲಾ ಮಧ್ಯಾಹ್ನದ ಬಿಡುವಿನಲ್ಲಿ ಮನೆಗೆ ಓಡಿ ಬಂದು, ವಿಜ್ಞಾನದ ಉತ್ತರಪತ್ರಿಕೆಯನ್ನು ನನ್ನ ಮುಂದೆ ಹಿಡಿದು ಅಳತೊಡಗಿದಳು. ಇಪ್ಪತ್ತಕ್ಕೆ ಆರು. ಏಳು ಬಂದರೆ ಪಾಸು. ಪಾಸಾಗದವರನ್ನು ವಿಜಯಪುರದ ಖೋಖೋ ಪಂದ್ಯಕ್ಕೆ ಕರೆದೊಯ್ಯುವುದಿಲ್ಲ ಎಂದು ಶಾಲೆಯಲ್ಲಿ ಹೇಳಿದ್ದರು. ನಮ್ಮ ಹುಡುಗಿ ಬೆನ್ನಟ್ಟಿದರೆ ಗಾಳಿಯೂ ಔಟ್!

ಕೈಯ ಹಿಟ್ಟು ಒರೆಸಿಕೊಂಡು ನೋಡಿದೆ. ಎರಡು ಅಂಕದ ಲೆಕ್ಕವೊಂದಕ್ಕೆ ಸೊನ್ನೆ ಬಿದ್ದಿತ್ತು. ಒಬ್ಬ ಮಹಿಳೆ ಇಪ್ಪತ್ತು ಕಿಲೋ ಜೋಳದ ಬುಟ್ಟಿಯನ್ನು ನೆಲದಿಂದ ಒಂದೂವರೆ ಮೀಟರ್ ಎತ್ತಿ ತಲೆಯ ಮೇಲೆ ಇಟ್ಟುಕೊಂಡರೆ, ಗುರುತ್ವದ ವಿರುದ್ಧ ಆಕೆ ಮಾಡಿದ ಕೆಲಸವೆಷ್ಟು? ಗುರುತ್ವ ವೇಗೋತ್ಕರ್ಷ ಹತ್ತು ಎಂದು ಹಿಡಿದು, ಮೂರನ್ನೂ ಗುಣಿಸಿ, ಮುನ್ನೂರು ಜೂಲ್ ಎಂದು ಸರಿಯಾಗಿಯೇ ಬರೆದಿದ್ದಳು. ಆಮೇಲೆ ಎರಡರಿಂದ ಭಾಗಿಸಿ ನೂರೈವತ್ತು ಮಾಡಿದ್ದಳು.

"ಭಾಗಿಸಿದ್ಯಾಕವಾ?"

"ಬುಟ್ಟಿ ಹೊರಸಾಕ ಎದುರಿಗೆ ಇನ್ನೊಬ್ರು ಬೇಕಲ್ಲಬೇ. ಅರ್ಧಾ ಅವರು ಎತ್ತತಾರ."

ಪಡಸಾಲೆಯಲ್ಲಿ ತೊಗರಿ ಹಸನು ಮಾಡುತ್ತಿದ್ದ ನಮ್ಮ ಅತ್ತೆ ಕಸ್ತೂರೆವ್ವ ಮೊರ ಬಿಟ್ಟು ಎದ್ದರು.

"ಖರೇ ಐತಿ! ಮೋರಟಗಿ ಹೊಲದಾಗ ಜನ್ಮೆಲ್ಲಾ ಬುಟ್ಟಿ ಹೊತ್ತೇನಿ. ಒಮ್ಮೆ ಸುದ್ದಾ ನಾ ಒಬ್ಬಾಕಿನ ಎತ್ತಿಕೊಂಡಿಲ್ಲ. ನಡೀರಿ ಸಾಲಿಗೆ."

"ಅತ್ತಿ, ರೊಟ್ಟಿ..."

"ರೊಟ್ಟಿ ಬಂದು ಮಾಡಿದ್ರಾತು."

ಒಲೆ ಆರಿಸಿ ಹಿಂದೆಯೇ ಹೋದೆ. ವಿಜ್ಞಾನದ ಬಸಂತರಾಯ ಮಾಸ್ತರರು ಸಮಾಧಾನದ ಮನುಷ್ಯ.

"ಆಯಿ, ಪ್ರಶ್ನಿಯೊಳಗ ಆಕಿ ಒಬ್ಬಾಕಿನ ಅದಾಳ್ರಿ."

"ಅಯ್ಯ ಪಾಪ! ಆಕಿ ಓಣ್ಯಾಗ ಯಾರೂ ಇಲ್ಲೇನ್ರಿ? ಹಾದ್ಯಾಗ ಹೋಗಾವರನ್ನರ ಕರೀಬಾರದ?"

"ಇದು ಲೆಕ್ಕ ರೀ ಆಯಿ."

"ಆತು. ನೀವ ಒಬ್ರ ಎತ್ರಿ, ನೋಡೂಣು."

ಮೂಲೆಯಲ್ಲಿ ಬಿಸಿಯೂಟದ ಅರ್ಧ ಚೀಲ ಅಕ್ಕಿ ಇತ್ತು. ಮಾಸ್ತರರು ಅಂಗಿಯ ತೋಳು ಮಡಚಿ ಚೀಲಕ್ಕೆ ಕೈ ಹಾಕಿದರು. ಚೀಲ ಮೊಣಕಾಲು ದಾಟಿತು, ಸೊಂಟಕ್ಕೆ ಬಂತು, ಅಲ್ಲಿಯೇ ನಿಂತಿತು. ಅವರ ಮುಖ ಕೆಂಪೇರಿತು. ಕಿಟಕಿಯಲ್ಲಿ ಖೋಖೋ ತಂಡವೆಲ್ಲ ಇಣುಕುತ್ತಿತ್ತು. ನಾನು ನಗು ತಡೆಯಲು ಸೆರಗು ಕಚ್ಚಿಕೊಂಡೆ.

"ರಾವಸಾಬ, ಲಗೂನ ಬಾರೋ!" ಎಂದು ಮಾಸ್ತರರು ಕೂಗಿದರು.

ಜವಾನ ರಾವಸಾಬ ಓಡಿ ಬಂದು ಇನ್ನೊಂದು ಕಡೆ ಕೈ ಹಚ್ಚಿದ. ಚೀಲ ಮಾಸ್ತರರ ತಲೆ ಏರಿತು.

"ಈಗ ಹೇಳ್ರಿ, ಎತ್ತಿದಾವರು ಎಷ್ಟು ಮಂದಿ?"

ಚೀಲದ ಕೆಳಗೆ ತಲೆ ಅಲ್ಲಾಡಿಸಲಾಗದೆ ಮಾಸ್ತರರು, "ಇಬ್ಬರ್ರಿ" ಎಂದರು.

ಚೀಲ ಇಳಿಸಿ, ಬೆವರು ಒರೆಸಿಕೊಂಡು, ಕೆಂಪು ಪೆನ್ನು ತೆಗೆದರು.

"ಪ್ರಶ್ನಿಯೊಳಗ ಇಲ್ಲದ ಮಂದಿನ್ನ ಕರ್ಕೊಂಡು ಬರಬಾರದವಾ ಸುಮಂಗಲಾ. ಆದ್ರ ಮುನ್ನೂರರ ತನಕ ಬರೋಬ್ಬರಿ ಮಾಡೀದಿ. ತಗೋ, ಒಂದು ಅಂಕ."

ಆರು ಏಳಾಯಿತು. ಸುಮಂಗಲಾ ಪತ್ರಿಕೆ ಕಸಿದುಕೊಂಡು ಮೈದಾನಕ್ಕೆ ಹಾರಿದಳು. ಅತ್ತೆ ಮಾತ್ರ ಕದಲಲಿಲ್ಲ. ನಾನು ಕೈ ಹಿಡಿದು ಎಳೆಯುತ್ತಿದ್ದರೂ ತಿರುಗಿ ಕೇಳಿಯೇ ಬಿಟ್ಟರು:

"ಮಾಸ್ತರ್ರ, ಉಳಿದ ಒಂದು ಅಂಕ ರಾವಸಾಬಗ ಹೋತೇನ್ರಿ?"