ಒಡೆಯದ ಗಾಜು

ಇಳಿಜಾರಿನ ನಮ್ಮ ಬೀದಿಯಲ್ಲಿ ನಲವತ್ತು ಮನೆಗಳ ಗೋಡೆ ಬಿರುಕು ಬಿಟ್ಟಿತ್ತು. ಸರ್ಕಾರದ ಭೂವಿಜ್ಞಾನ ಇಲಾಖೆಯಿಂದ ಒಬ್ಬ ಹೆಂಗಸು ಬಂದು, ಪ್ರತಿ ಬಿರುಕಿಗೂ ಅಡ್ಡಲಾಗಿ ಬೆರಳಗಲದ ಗಾಜಿನ ಪಟ್ಟಿ ಅಂಟಿಸಿ, ಅದರ ಮೇಲೆ ಕೆಂಪು ಬಣ್ಣದಲ್ಲಿ ತಾರೀಖು ಬರೆದು ಹೋದಳು. ಕೆಳಗಿನ ನೆಲ ಜರುಗಿದರೆ ಗಾಜು ಒಡೆಯುತ್ತದೆ, ಸಂಶೋಧನೆಯೆಂದರೆ ಇಷ್ಟೇ. ಬೀದಿ ಅವಳಿಗೆ ಬಿರುಕಮ್ಮ ಎಂದು ಹೆಸರಿಟ್ಟಿತು.

"ಬಿರುಕು ನೋಡೋಕೂ ಸಂಬಳ ಕೊಡ್ತಾರಾ? ನಮ್ಮವಳು ಇಪ್ಪತ್ತು ವರ್ಷದಿಂದ ಪುಕ್ಕಟೆ ನೋಡ್ತಿದ್ದಾಳೆ," ಎಂದ ಫೋಟೋಗಳಿಗೆ ಕಟ್ಟು ಹಾಕುವವನು.

ಅವನದು ಕೆಳಗೆ ಅಂಗಡಿ, ಹಿಂದೆ ಮನೆ, ಮೇಲೆ ಖಾಲಿ ಮಹಡಿ. ಸರ್ಕಾರ ಸುಮ್ಮನೆ ಏನನ್ನೂ ಅಂಟಿಸುವುದಿಲ್ಲ ಎಂಬುದು ಅವನ ಸಿದ್ಧಾಂತ. ಗಾಜು ಒಡೆಯುತ್ತದೆ, ಮನೆ ಬಿಡಿಸುತ್ತಾರೆ, ಆ ಜಾಗದಲ್ಲಿ ಯಾರದೋ ಹೋಟೆಲು ಏಳುತ್ತದೆ. ಹಾಗಾಗಿ ನಲವತ್ತೊಂದನೆಯ ದಿನ ತನ್ನ ಗೋಡೆಯ ಗಾಜು ಟಕ್ಕೆಂದು ಒಡೆದಾಗ, ಬೀದಿಯಲ್ಲಿ ಬೇರೆ ಯಾರಿಗೂ ಆಗದ ಕೆಲಸ ಅವನು ಮಾಡಿದ. ಅದೇ ದಪ್ಪದ ಗಾಜು ಕತ್ತರಿಸಿ, ಅವಳ ವಾಲಿದ ಅಂಕಿಗಳಲ್ಲೇ ಹಳೆಯ ತಾರೀಖು ಬರೆದು ಅಂಟಿಸಿದ. ಒಡೆದದ್ದನ್ನು ಎಸೆಯಲಿಲ್ಲ, ಕಸ ಕೆದಕುವವರೂ ಇಲಾಖೆಯಲ್ಲಿ ಇರಬಹುದು. ಮಾಡಿದ ಪ್ರತಿ ಕಟ್ಟಿನ ಬೆನ್ನಿಗೂ ತಾರೀಖು ಹಾಕಿ ರೂಢಿಯಾದ ಕೈ, ಚೂರು ಸುತ್ತಿದ ಕಾಗದದ ಮೇಲೂ ಒಡೆದ ದಿನವನ್ನು ತಾನಾಗಿಯೇ ಬರೆಯಿತು. ಪೊಟ್ಟಣ ಬಿಸ್ಕತ್ತಿನ ಡಬ್ಬಿ ಸೇರಿತು. ಆಮೇಲೆ ಇನ್ನೊಂದು, ಮತ್ತೊಂದು.

ಬಿರುಕಮ್ಮ ತಿಂಗಳಿಗೊಮ್ಮೆ ಬಂದು ಅವನ ಗಾಜನ್ನು ಉಗುರಿನಿಂದ ತಟ್ಟುತ್ತಿದ್ದಳು.

"ಎಡಗಡೆ ಮನೇದು ಒಡೀತು, ಬಲಗಡೇದೂ ಒಡೀತು. ನಿಮ್ಮದರ ಮೇಲೆ ಧೂಳೂ ಕೂರಲ್ವಲ್ಲ?"

"ನಮ್ಮವಳು ದಿನಾ ಒರೆಸ್ತಾಳೆ."

"ನಾನ್ಯಾಕೆ ಒರೆಸ್ಲಿ?" ಎಂದಳು ಹೆಂಡತಿ ಒಳಗಿನಿಂದ. "ಆ ಗೋಡೆ ಹತ್ರ ಹೋದ್ರೆ ಕೈ ಕಡೀತೀನಿ ಅಂತಾರೆ, ಪುಣ್ಯಾತ್ಮ."

ಬಿರುಕಮ್ಮ ಅದನ್ನೂ ಬರೆದುಕೊಂಡಳು.

ಎಂಟನೆಯ ತಿಂಗಳು ನಕ್ಷೆ ಹಿಡಿದು ಬಂದಳು. ಬೀದಿಯೆಲ್ಲ ಕೆಂಪು, ಹಳದಿ. ಅವನ ಮನೆಯೊಂದೇ ಹಸಿರು.

"ಶಿಶುವಿಹಾರದ ಗೋಡೆ ಇವತ್ತೋ ನಾಳೆಯೋ ಅನ್ನೋ ಹಾಗಿದೆ. ಬೀದೀಲಿ ಗಟ್ಟಿ ಮನೆ ನಿಮ್ಮದೇ ಅಂತ ಮೇಲಿನೋರು ತೀರ್ಮಾನ ಮಾಡಿದ್ದಾರೆ. ಮೂವತ್ತು ಮಕ್ಕಳು. ಸೋಮವಾರದಿಂದ ನಿಮ್ಮ ಮಹಡೀಲಿ."

"ಮೆಟ್ಟಿಲು ಕಡಿದು, ಮೇಡಂ."

"ಹಿಡಿಕಂಬಿ ಹಾಕಿಸ್ತೀವಿ."

"ಅಂಗಡೀಲಿ ಎಲ್ಲಿ ನೋಡಿದ್ರೂ ಗಾಜು."

"ಬಾಗಿಲು ಹಿಂದಿನಿಂದ ಇದೆಯಲ್ಲ."

"ನನಗೆ ಗಲಾಟೆ ಆಗಲ್ಲ."

"ನಿಮ್ಮ ಗೊರಕೆಗಿಂತಲಾ?" ಹೆಂಡತಿ ಹೊರಬಂದಳು. "ಬರ್ಲಿ ಬಿಡಿ, ಪಾಪ, ಚಿಕ್ಕ ಚಿಕ್ಕ ಮಕ್ಕಳು."

ಅವನು ಬಿರುಕಮ್ಮನ ಮುಖ ನೋಡಿದ. ಬಂಡೆಗಳ ಸಹವಾಸದ ಮುಖ, ಏನೂ ಸಿಗಲಿಲ್ಲ. ಇದು ಬಲೆಯಾಗಿದ್ದರೆ ಮನೆ ಹೋಯಿತು. ಅಲ್ಲವಾದರೆ ಸೋಮವಾರ ಮೂವತ್ತು ಮಕ್ಕಳು ಮೆಟ್ಟಿಲು ಹತ್ತುತ್ತಾರೆ. ಗೋಡೆಯ ಗಾಜಿನ ಅಂಚಿನಲ್ಲಿ ಗಾರೆ ಇನ್ನೂ ಹಸಿಯಾಗಿತ್ತು.

ಅವನು ಒಳಗೆ ಹೋಗಿ ಡಬ್ಬಿ ತಂದು ಮೇಜಿನ ಮೇಲೆ ಕುಕ್ಕಿದ. "ತಗೊಳ್ಳಿ. ಜೈಲಿಗೆ ಹಾಕೋದಾದ್ರೆ ಹಾಕಿ."

ಬಿರುಕಮ್ಮ ಬೈಯಲಿಲ್ಲ. ಪೊಟ್ಟಣಗಳನ್ನು ಸಾಲಾಗಿ ಇಟ್ಟು, ತುಟಿ ಅಲ್ಲಾಡಿಸುತ್ತ ದಿನ ಎಣಿಸಿದಳು. ನಲವತ್ತೊಂದು. ಮೂವತ್ತಾರು. ಇಪ್ಪತ್ತೊಂಬತ್ತು. ಕೊನೆಯವೆರಡರ ನಡುವೆ ಒಂಬತ್ತು.

"ತಿಂಗಳಿಗೊಮ್ಮೆ ಬರೋ ನನಗೆ ಗಾಜು ಒಡೆದದ್ದು ಕಾಣುತ್ತೆ, ಒಡೆದ ದಿನ ಕಾಣಲ್ಲ. ನಲವತ್ತು ಮನೇಲಿ ಅದನ್ನ ಬರೆದಿಟ್ಟೋರು ನೀವೊಬ್ಬರೇ. ಗುಡ್ಡ ಎಷ್ಟು ಬೇಗ ಇಳೀತಿದೆ ಅಂತ ಈಗ ಗೊತ್ತಾಯ್ತು. ಡಬ್ಬಿ ನನಗೆ ಬೇಕು."

ಹೊಗಳಿಕೆ ಕೇಳಿ ಅವನ ಅನುಮಾನ ಇಮ್ಮಡಿಯಾಯಿತು. "ರಸೀದಿ ಕೊಡಿ. ನಾಳೆ ಡಬ್ಬೀನೇ ಇರ್ಲಿಲ್ಲ ಅಂದ್ರೆ?"

ಅವಳು ಬರೆದಳು: ಒಡೆದ ಗಾಜಿನ ಪಟ್ಟಿ, ಹನ್ನೊಂದು.

ಅವನು ಓದಿದ. ಮತ್ತೆ ಓದಿದ. ಆಮೇಲೆ ಅಂಗಿಯ ಜೇಬಿನಿಂದ ಸಣ್ಣ ಪೊಟ್ಟಣ ತೆಗೆದು ಸಾಲಿನ ಕೊನೆಗಿಟ್ಟ.

"ಹನ್ನೆರಡು ಅಂತ ಬರೀರಿ. ಇದು ಇವತ್ತು ಬೆಳಗ್ಗೇದು."

"ಅದರ ಹಿಂದಿಂದು ಮೊನ್ನೇದಲ್ವಾ?"

"ಹೌದು, ಮೊನ್ನೇದು."

ಬಿರುಕಮ್ಮ ಪೆನ್ನು ಕೆಳಗಿಟ್ಟು ಹೆಂಡತಿಯ ಕಡೆ ತಿರುಗಿದಳು. "ಅಕ್ಕಾ, ಬೇಕಾದ್ದಷ್ಟೇ ಕಟ್ಟಿಕೊಳ್ಳಿ. ಈಗಲೇ. ನಾನು ಪಕ್ಕದ ಮನೆಯೋರನ್ನ ಹೊರಡಿಸ್ತೀನಿ."

"ಮೇಡಂ," ಎಂದ ಅವನು, ಬಾಗಿಲಿಗೆ ಅಡ್ಡ ನಿಂತು. "ಸಹಿ."

ಅವಳು ಓಡುತ್ತಲೇ ಸಹಿ ಹಾಕಿದಳು.