ಸೊಪ್ಪಿಲ್ಲದ ಕಷಾಯ

ಪಂಚನಹಳ್ಳಿಯ ಕರಿಬಸಮ್ಮನ ನುಗ್ಗೆ ಸೊಪ್ಪಿನಲ್ಲಿ ಸೀಸವಿದೆಯೆಂಬ ಸುದ್ದಿ ಮೂರೇ ದಿನದಲ್ಲಿ ಊರೆಲ್ಲ ಹಬ್ಬಿತು. ಸೊಪ್ಪಿನ ಸಾರ ತೆಗೆಯುವ ಕಡೂರಿನ ಘಟಕದ ಯಜಮಾನ ಗಂಗಾಧರಯ್ಯ, ಇನ್ನು ಅವಳ ಸೊಪ್ಪು ಬೇಡವೆಂದರು. ಅವಳ ಬೋರಿನ ನೀರೇ ವಿಷವೆಂದು ನೆರೆಯವರು ಅತ್ತ ಸುಳಿಯುವುದನ್ನೇ ಬಿಟ್ಟರು.

ಘಟಕದ ಕೆಮಿಸ್ಟ್ ಭುವನಾಗೆ ಈ ಸುದ್ದಿಗೆ ಮೂಲವಾದ ಪ್ರಯೋಗಾಲಯದ ವರದಿ ಅರಗಲಿಲ್ಲ. ಸೀಸ ಹತ್ತು ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿಗೆ ಹತ್ತು ಪಾಲು, ಮೀರಬಾರದು; ಸಾರದಲ್ಲಿ ಹದಿನೇಳಿತ್ತು. ಸಾರ ತೆಗೆಯಲು ಮೊದಲು ಬಳಸುತ್ತಿದ್ದ ಸ್ಪಿರಿಟ್ ಬಿಡಿಸಿ, ನಿಂಬೆ ಉಪ್ಪು, ಗ್ಲಿಸರಿನ್, ನೀರು ಬೆರೆಸಿದ, ಪರಿಸರಕ್ಕೆ ಹಾನಿಯಿಲ್ಲದ ‘ಹಸಿರು’ ದ್ರಾವಕ ತಂದವಳು ಅವಳೇ. ತಿನ್ನುವ ಪದಾರ್ಥಗಳೇ ಅಲ್ಲವೇ, ಏನು ಕೇಡು ಬಂದೀತು ಎಂದುಕೊಂಡಿದ್ದಳು.

“ಸಾರ್, ದ್ರಾವಕ ಯಾವುದ್ರಲ್ಲಿ ಕಾಯಿಸ್ತಿದೀರಿ?” ಎಂದು ಯಜಮಾನರನ್ನು ಕೇಳಿದಳು.

“ನಮ್ಮಪ್ಪನ ಕಾಲದ ಹಿತ್ತಾಳೆ ಕೊಪ್ಪರಿಗೇಲಿ ಕಣಮ್ಮ. ಔಷಧಿ ಅಂದ್ಮೇಲೆ ಅದ್ರಲ್ಲೇ ಕಾಯ್ಬೇಕು. ಹೋದ್ ತಿಂಗ್ಳು ಕಲಾಯಿ ಹಾಕಿಸಿದೀನಿ, ಮುಖ ನೋಡ್ಕೋಬೋದು!”

ಭುವನಾ ರಿಜಿಸ್ಟರು ತೆರೆದಳು. ‘ಪಾತ್ರೆ: ಸ್ಟೀಲ್’ ಎಂದು ಅದರಲ್ಲಿ ತಾನೇ ಬರೆದಿದ್ದಳು, ಒಲೆಯ ಬಳಿ ಹೋಗಿ ನೋಡದೆ. ಕಲಾಯಿಯ ತವರಕ್ಕೆ ಅಗ್ಗದ ಸೀಸ ಬೆರೆಸುವುದುಂಟು. ನಿಂಬೆ ಉಪ್ಪಿನ ಅಷ್ಟು ಹುಳಿ ಆ ಸೀಸವನ್ನು ಕರಗಿಸದೆ ಬಿಟ್ಟೀತೇ?

“ಇವತ್ತು ಬರೀ ದ್ರಾವಕ ಕಾಯಿಸೋಣ. ಸೊಪ್ಪು ಬೇಡ.”

“ಸೊಪ್ಪಿಲ್ದೆ ಕಷಾಯನಾ? ಓದಿ ಓದಿ ತಲೆ ಕೆಟ್ಟೈತೆ ನಿಂಗೆ!”

ಬೈಯುತ್ತಲೇ ಒಲೆ ಹಚ್ಚಿದರು. ಆ ದ್ರಾವಕ, ಕರಿಬಸಮ್ಮನ ಸೊಪ್ಪಿನಿಂದಲೇ ಗಾಜಿನ ಪಾತ್ರೆಯಲ್ಲಿ ತೆಗೆದ ಸಾರ, ಅವಳ ಒಣಸೊಪ್ಪು, ಅವಳ ಬೋರಿನ ನೀರು, ನಾಲ್ಕೂ ಪ್ರಯೋಗಾಲಯಕ್ಕೆ ಹೋದವು. ಮೇಲೆ ಹೆಸರಿಲ್ಲ, ಬರೀ ನಂಬರು.

ಒಂಬತ್ತನೆಯ ದಿನ ಉತ್ತರ ಬಂತು. ಸೊಪ್ಪನ್ನೇ ಕಾಣದ ದ್ರಾವಕದಲ್ಲಿ ಹದಿನಾರು! ಗಾಜಿನ ಪಾತ್ರೆಯ ಸಾರದಲ್ಲಿ, ಒಣಸೊಪ್ಪಿನಲ್ಲಿ ಒಂದು ಪಿಪಿಎಂ ಕೂಡ ತುಂಬಿರಲಿಲ್ಲ. ನೀರಿನಲ್ಲಿ ಸೀಸದ ಸುಳಿವೇ ಇಲ್ಲ. ಭುವನಾ ಎರಡು ಸಲ ಓದಿ, ಮೂರನೆಯ ಸಲ ಕುಣಿದೇಬಿಟ್ಟಳು.

ಗಂಗಾಧರಯ್ಯ ಕರಿಬಸಮ್ಮನಿಗೆ ಫೋನ್ ಮಾಡಿದರು. “ಸೊಪ್ಪು ಕಳಿಸಮ್ಮ. ನಿಂದೇನೂ ತಪ್ಪಿಲ್ಲ.”

“ಫೋನಲ್ಲಂದ್ರೆ ನಂಗೊಬ್ಳಿಗೆ ಕೇಳ್ತದೆ ಸ್ವಾಮಿ,” ಎಂದಳು ಕರಿಬಸಮ್ಮ. “ಊರ್ ಮುಂದೆ ಬಂದು ಹೇಳಿ.”

ಮರುದಿನ ಬೆಳಗ್ಗೆ ಯಜಮಾನರು, ಭುವನಾ ಇಬ್ಬರೂ ಪಂಚನಹಳ್ಳಿಗೆ ಹೋದರು. ಬೋರಿನ ಪಕ್ಕ ನಿಂತು ಭುವನಾ ವರದಿ ಓದಿದಳು. ಪಾತ್ರೆ ನೋಡದೆ ಬರೆದದ್ದು ತನ್ನ ತಪ್ಪೆಂಬುದನ್ನೂ ಸೇರಿಸಿ, ಗಟ್ಟಿಯಾಗಿ. ಊರು ಕಿವಿಗೊಟ್ಟು ಕೇಳಿತು. ಕರಿಬಸಮ್ಮ ಆಗಷ್ಟೇ ಹಿಡಿದ ನೀರಿನ ಚೊಂಬನ್ನು ಯಜಮಾನರ ಮುಂದೆ ಹಿಡಿದಳು. ಅವರು ಒಂದೇ ಉಸಿರಿಗೆ ಕುಡಿದು ಬಾಯಿ ಒರೆಸಿಕೊಂಡರು.

“ಸಿಹಿ ನೀರು ಕಣವ್ವ.”

“ನಂಗೊತ್ತು,” ಎಂದಳು ಕರಿಬಸಮ್ಮ, ಸೊಪ್ಪಿನ ಚೀಲದ ಒಂದು ತುದಿ ಹಿಡಿದು. “ಹೂಂ, ಆ ಕಡೆ ನೀವ್ ಹಿಡೀರಿ.”

ಇಸ್ತ್ರಿಯ ಬಿಳಿ ಅಂಗಿಯ ಯಜಮಾನರು ಬಗ್ಗಿದರು.