ಎರಡು ತಿಂಗಳ ಸಾಹೇಬ

ನಮ್ಮ ಮಾವ ರೇವಣಸಿದ್ದಯ್ಯನವರು ತೀರಿಕೊಂಡ ಮರುವರ್ಷ, ಎರಡು ಸಾವಿರದ ನಾಲ್ಕರಲ್ಲಿ, ಗೋವಿಂದರಾಜನಗರದ ಮನೆ ಪಾಲಾಯಿತು. ಬೀರು, ಹಿತ್ತಾಳೆ ಹಂಡೆ, ಗೋಡೆ ಗಡಿಯಾರ ಎಲ್ಲವೂ ಅರ್ಧ ದಿನದಲ್ಲಿ ಹಂಚಿಹೋದವು. ಕೊನೆಗೆ ಉಳಿದದ್ದು ಹಜಾರದ ಕಿಟಕಿ ಪಕ್ಕದ ಪಂಜರ ಮತ್ತು ಅದರೊಳಗಿನ ಸಾಹೇಬ.

ಸಾಹೇಬ ಎಂದರೆ ಆಫ್ರಿಕಾದ ಬೂದು ಗಿಳಿ. ಮೈಯೆಲ್ಲ ಬೂದಿ ಬಣ್ಣ, ಬಾಲ ಮಾತ್ರ ಕುಂಕುಮದ ಕೆಂಪು. ಸಫಾರಿ ಸೂಟು ತೊಟ್ಟ ಅಧಿಕಾರಿಯ ಹಾಗೆ ತಲೆ ಓರೆ ಮಾಡಿ ಬಂದವರನ್ನು ಅಳೆಯುತ್ತಿದ್ದುದಕ್ಕೆ ಮಾವನವರೇ ಆ ಹೆಸರಿಟ್ಟಿದ್ದರು. ಮಾಗಡಿ ರಸ್ತೆಯಲ್ಲಿ ಅವರದು ವಾಚ್ ರಿಪೇರಿ ಅಂಗಡಿ. ನೈಜೀರಿಯಾದಲ್ಲಿ ರಸ್ತೆ ಕೆಲಸ ಮಾಡಿ ವಾಪಸು ಬಂದ ಗಿರಾಕಿಯೊಬ್ಬರು ಜೊತೆಗೆ ಈ ಹಕ್ಕಿಯನ್ನೂ ತಂದಿದ್ದರಂತೆ. ಅವರ ಫ್ಲ್ಯಾಟಿನ ನೆರೆಯವರು ಗಲಾಟೆ ತಡೆಯಲಾರೆವೆಂದು ತಕರಾರು ತೆಗೆದಾಗ, ಪಂಜರ ಸಮೇತ ಮಾವನವರಿಗೆ ಕೊಟ್ಟು ಹೋದರು. ನಾನು ಸೊಸೆಯಾಗಿ ಬರುವ ಹೊತ್ತಿಗೆ ಆ ಮನೆಯಲ್ಲಿ ಸಾಹೇಬನಿಗೆ ನನಗಿಂತ ನಾಲ್ಕು ವರ್ಷದ ಸೀನಿಯಾರಿಟಿ ಇತ್ತು.

ಅಣ್ಣತಮ್ಮಂದಿರ ಜಗಳ ಆಸ್ತಿಯದಲ್ಲ, ಆ ಅಂಗಡಿಯದು. ನನ್ನ ಗಂಡ ಉದಯಕುಮಾರ್ ಹದಿನೈದನೇ ವಯಸ್ಸಿನಿಂದ ಅಪ್ಪನ ಪಕ್ಕ ಕೂತು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೆಲಸ ಕಲಿತವರು. ಅವರು ಅಪ್ಪನ ಹೆಸರಲ್ಲಿ ಪೂಜೆ ಮಾಡಿಸಲು ಕೂಡಲಸಂಗಮಕ್ಕೆ ಹೋಗಿದ್ದ ವಾರದಲ್ಲಿ ಭಾವ ಬಾಳೇಶ ಅಂಗಡಿ ಖಾಲಿ ಮಾಡಿ ಬೀಗದ ಕೈಯನ್ನು ಮಾಲೀಕರಿಗೆ ಒಪ್ಪಿಸಿಬಿಟ್ಟಿದ್ದರು. ಭಾವ ಸರ್ಕಾರಿ ನೌಕರರು. "ಈಗ ವಾಚ್ ರಿಪೇರಿ ಮಾಡ್ಸೋರು ಯಾರೋ? ನಿನಗೆ ಒಳ್ಳೇದಾಗ್ಲಿ ಅಂತಾನೇ ಮಾಡಿದ್ದು" ಎಂದರು. "ಒಂದು ಮಾತು ಕೇಳ್ಬೇಕಿತ್ತು" ಎಂದರು ಇವರು. ಆಮೇಲೆ ಇಬ್ಬರೂ ಮಾತು ನಿಲ್ಲಿಸಿದರು. ಗಂಡಂದಿರು ಬಿಟ್ಟಮೇಲೆ ನಾನೂ ನನ್ನ ಓರಗಿತ್ತಿ ಗಿರಿಜಾದೇವಿಯೂ ಬಿಟ್ಟೆವು. ಆರು ವರ್ಷ ಒಂದೇ ಒಲೆಯ ಮುಂದೆ ನಿಂತವರು. ಬಿಡಲು ಕಾರಣ ಏನಾದರೂ ಇತ್ತೇ ಎಂದು ಇಬ್ಬರೂ ಕೇಳಿಕೊಳ್ಳಲಿಲ್ಲ.

ಪಾಲು ಮಾಡಿಸಲು ಬಂದಿದ್ದ ಸೋಮಲಿಂಗಪ್ಪ ಮಾಮ ಪಂಜರದ ಮುಂದೆ ನಿಂತು ತಲೆ ಕೆರೆದುಕೊಂಡರು. "ಹಕ್ಕೀನ ಕಡಿಯೋಕಾಗುತ್ತಾ? ಎರಡು ತಿಂಗಳು ಇಲ್ಲಿ, ಎರಡು ತಿಂಗಳು ಅಲ್ಲಿ. ಸಾಗಿಸೋ ಕೆಲಸ ನಂದು."

ಮನೆ ಭಾವನ ಪಾಲಿಗೆ ಹೋಯಿತು, ನಾವು ಕೆಂಗೇರಿ ಉಪನಗರದ ಬಾಡಿಗೆ ಮನೆಗೆ ಬಂದೆವು. ಎರಡು ತಿಂಗಳಿಗೊಮ್ಮೆ ಭಾನುವಾರ ಮಾಮ ಚಿಕ್ಕ ಪಂಜರಕ್ಕೆ ಹಳೇ ದುಪಟಿ ಹೊದಿಸಿ ವಿಜಯನಗರದಲ್ಲಿ ಬಸ್ಸು ಹತ್ತುತ್ತಿದ್ದರು. ದುಪಟಿಯೊಳಗಿಂದ ಸಾಹೇಬ ಪೋಲೀಸರ ಸೀಟಿಯ ಹಾಗೆ ಶಿಳ್ಳೆ ಹಾಕಿದಾಗ ಒಂದು ಸಲ ಡ್ರೈವರ್ ಬ್ರೇಕ್ ಒತ್ತಿಯೇಬಿಟ್ಟನಂತೆ. "ಇನ್ನೊಂದ್ಸಲ ಹಿಂಗ್ ಮಾಡಿದ್ರೆ ನಿನ್ನ ನಾಯಂಡಹಳ್ಳೀಲೇ ಇಳಿಸ್ಬಿಡ್ತೀನಿ ಅಂದೆ ಕಣಮ್ಮ" ಎಂದು ಮಾಮ ಬೆವರು ಒರೆಸಿಕೊಳ್ಳುತ್ತಾ ಹೇಳಿದ್ದರು.

ಮೊದಲ ಸಲ ಪಂಜರದ ಜೊತೆ ಒಂದು ನೋಟ್‌ಬುಕ್ಕೂ ಬಂತು. ಗಿರಿಜಕ್ಕನ ದುಂಡು ಅಕ್ಷರ. ಯಾರಿಗೆ ಎಂದು ಬರೆದಿರಲಿಲ್ಲ.

"ಬೆಳಿಗ್ಗೆ ಆರೂವರೆಗೆ ಹೊದಿಕೆ ತೆಗೆಯುವುದು. ನೀರು ದಿನಕ್ಕೆರಡು ಸಲ ಬದಲಾಯಿಸುವುದು. ಬೆಣ್ಣೆಹಣ್ಣು, ಚಾಕೊಲೇಟ್ ಕೊಡಕೂಡದು. ನಾನ್‌ಸ್ಟಿಕ್ ಬಾಣಲೆ ಕಾಯಿಸುವಾಗ ಅಡುಗೆಮನೆ ಹತ್ತಿರ ಇಡಕೂಡದು. ಸೊಪ್ಪು, ಕ್ಯಾರೆಟ್, ಬೇಯಿಸಿದ ಕಾಳು ಮುಖ್ಯ. ಸೂರ್ಯಕಾಂತಿ ಬೀಜ ಕೇಳಿದಷ್ಟೂ ಕೊಡಕೂಡದು. ದಿನಾ ಅರ್ಧ ಗಂಟೆ ಎಳೇ ಬಿಸಿಲು."

ನನಗೆ ಮೈ ಉರಿಯಿತು. ಆರು ವರ್ಷ ಅವನ ಪಂಜರದ ತಟ್ಟೆ ತೊಳೆದವಳು ನಾನು. ನನಗೇ ಪಾಠ. ಎರಡು ತಿಂಗಳಾದ ಮೇಲೆ ನಾನೂ ಬರೆದೆ: "ಎಲ್ಲ ಚೆನ್ನಾಗಿದೆ. ಉಗುರು ಬೆಳೆದಿತ್ತು, ಅಲ್ಲಿ ಯಾರೂ ನೋಡಿದ ಹಾಗಿಲ್ಲ. ಇಲ್ಲಿ ಕತ್ತರಿಸಿ ಕಳಿಸಿದೆ."

ಹೀಗೆ ಶುರುವಾಯಿತು. ಒಂದು ವರ್ಷವೆಲ್ಲ ಆ ಪುಸ್ತಕದಲ್ಲಿ ಚುಚ್ಚುಮಾತೇ. ಆದರೆ ಹಕ್ಕಿಯ ಬಗ್ಗೆ ಬರೆಯುತ್ತಾ ಎಷ್ಟು ದಿನ ಮುಖ ಗಂಟಿಕ್ಕಿಕೊಂಡಿರಲು ಸಾಧ್ಯ? "ಸ್ನಾನಕ್ಕೆ ಸ್ಪ್ರೇ ಬಾಟಲಿ ಹಿಡಿದರೆ ರೆಕ್ಕೆ ಎರಡೂ ಬಿಡಿಸಿ ನಿಲ್ಲುತ್ತಾನೆ, ಮದುಮಗನ ಹಾಗೆ" ಎಂದು ಅವರು ಬರೆದರು. "ಕುಕ್ಕರ್ ಕೂಗಿದ ಹಾಗೆ ಕೂಗಿ ನನ್ನನ್ನು ಮೂರು ಸಲ ಒಳಗೆ ಓಡಿಸಿದ. ಒಲೆಯ ಮೇಲೆ ಕುಕ್ಕರೇ ಇರಲಿಲ್ಲ" ಎಂದು ನಾನು ಬರೆದೆ. ಮುಂದಿನ ಸಲ ಆ ಸಾಲಿನ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಸಣ್ಣದಾಗಿ ಬರೆದಿತ್ತು: "ನಕ್ಕೆ."

ಬೂದು ಗಿಳಿಯ ಜೊತೆ ಬಾಳುವುದೆಂದರೆ ಕೆಲಸ ಮುಗಿಯದ ಬದುಕು. ಅವನ ರೆಕ್ಕೆಯಿಂದ ಉದುರುವ ಬಿಳಿ ಪುಡಿ ಟಿವಿಯ ಮೇಲೆ, ದೇವರ ಪಟದ ಮೇಲೆ, ಮಡಿಸಿಟ್ಟ ಬಟ್ಟೆಯ ಮೇಲೆಲ್ಲ. ಕಡಿಯಲು ದಿನಾ ಹೊಸ ಮರದ ಚೂರು ಬೇಕು, ಇಲ್ಲವಾದರೆ ಕಿಟಕಿಯ ಚೌಕಟ್ಟೇ ಗತಿ. ಎಲ್ಲಕ್ಕಿಂತ ಹೆಚ್ಚಾಗಿ ಅವನಿಗೆ ಮಾತು ಬೇಕು. ಇವರು ರಾಜಾಜಿನಗರದ ಒಂದು ಶೋರೂಮಿನಲ್ಲಿ ಕೆಲಸಕ್ಕೆ ಸೇರಿದ್ದರು, ಮಗಳು ಶರಣ್ಯಾ ಸ್ಕೂಲಿಗೆ ಹೋಗುತ್ತಿದ್ದಳು. ಬೆಳಿಗ್ಗೆ ಒಂಬತ್ತರಿಂದ ನಾನೂ ಸಾಹೇಬನೂ ಇಬ್ಬರೇ. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂಬುದನ್ನೂ ಅವನ ಹತ್ತಿರವೇ ಕೇಳುತ್ತಿದ್ದೆ.

ಎರಡು ಸಾವಿರದ ಐದರ ದೀಪಾವಳಿ ಹೊತ್ತಿಗೆ ಅವನು ಸೊಪ್ಪು ತಿನ್ನುವುದನ್ನು ಬಿಟ್ಟ. ನುಗ್ಗೆಸೊಪ್ಪು ಕಟ್ಟಿದರೆ ಒಂದೊಂದೇ ಎಲೆ ಕಿತ್ತು ನೆಲಕ್ಕೆ ಹಾಕುತ್ತಿದ್ದ. ಕ್ಯಾರೆಟ್ ಎತ್ತಿ ನನ್ನ ಕಡೆಗೇ ಎಸೆಯುತ್ತಿದ್ದ. ಸೂರ್ಯಕಾಂತಿ ಬೀಜ ಕೊಟ್ಟರೆ ಮಾತ್ರ ಖುಷಿ. ನನ್ನ ಬೆರಳ ಮೇಲೆ ಬಂದು ಕೂತು, ಕತ್ತು ಬಗ್ಗಿಸಿ ಕೆರೆಯಲು ಹೇಳುತ್ತಿದ್ದ. ಅಲ್ಲಿಗಿಂತ ಇಲ್ಲೇ ಅವನಿಗೆ ಇಷ್ಟ ಎಂಬ ಹೆಮ್ಮೆ ನನಗೆ ಬೇಕಾಗಿತ್ತು. ಬೀಜದ ಡಬ್ಬಿ ದಿನಾ ತೆರೆದೆ. ನಮ್ಮ ಮನೆಗೆ ಬಿಸಿಲೂ ಕಡಿಮೆ, ಟೆರೇಸಿನ ಬೀಗ ಮಾಲೀಕರ ಹತ್ತಿರ. ನೋಟ್‌ಬುಕ್ಕಿನಲ್ಲಿ ಮಾತ್ರ ಬರೆದೆ: "ಸೊಪ್ಪು ಚೆನ್ನಾಗಿ ತಿನ್ನುತ್ತಾನೆ. ಕ್ಯಾರೆಟ್ ಎಂದರೆ ಪ್ರಾಣ. ದಿನಾ ಬಿಸಿಲಿಗೆ ಇಡುತ್ತೇನೆ."

ಫೆಬ್ರವರಿಯಲ್ಲಿ ಸಾಹೇಬ ಮತ್ತೆ ನಮ್ಮ ಪಾಲಿಗೆ ಬಂದ. ಮಾರನೇ ದಿನ ಬೆಳಿಗ್ಗೆ ನಾನು ತರಕಾರಿ ಹೆಚ್ಚುತ್ತಿದ್ದೆ. ಪಂಜರದಿಂದ ಗಿರಿಜಕ್ಕ ಮಾತಾಡಿದರು.

"ಇದನ್ನ ಕಲಾಗೆ ಹೇಳ್ಬೇಕು."

ಕಲಾ ಎಂದರೆ ನಾನೇ. ಈಳಿಗೆಮಣೆ ಬಿಟ್ಟು ಎದ್ದುನಿಂತೆ. ಬಾಗಿಲಲ್ಲಿ ಯಾರೂ ಇರಲಿಲ್ಲ. ಸಾಹೇಬ ಕಣ್ಣಿನ ಪಾಪೆ ಹಿಗ್ಗಿಸಿ ಕುಗ್ಗಿಸಿ ನನ್ನನ್ನೇ ನೋಡುತ್ತಾ ಮತ್ತೆ ಅಂದ, "ಇದನ್ನ ಕಲಾಗೆ ಹೇಳ್ಬೇಕು." ಅವರದೇ ಧ್ವನಿ. ಕೊನೆಯಲ್ಲಿ ಸಣ್ಣ ನಗು, ಅದೂ ಅವರದೇ. ಬೂದು ಗಿಳಿ ಒಂದು ಸಲ ಕೇಳಿದ್ದನ್ನು ಹೀಗೆ ಹೇಳುವುದಿಲ್ಲ. ದಿನಾ ಕಿವಿಗೆ ಬಿದ್ದದ್ದನ್ನು ಹೇಳುತ್ತದೆ. ಅಂದರೆ ಅಲ್ಲಿ ಆ ಅಡುಗೆಮನೆಯಲ್ಲಿ ಅವರು ದಿನಾ ಹಾಗೆ ಅಂದುಕೊಳ್ಳುತ್ತಿದ್ದರು. ಏನನ್ನು ಹೇಳಬೇಕಿತ್ತೋ ತಿಳಿಯದು. ಫೋನಿನ ಹತ್ತಿರ ಹೋಗಿ ರಿಸೀವರ್ ಎತ್ತಿ, ಡಯಲ್ ಟೋನ್ ಕೇಳಿ, ವಾಪಸು ಇಟ್ಟೆ. ಇಷ್ಟು ದಿನದ ಮೇಲೆ ಏನೆಂದು ಶುರುಮಾಡುವುದು?

ಒಂದು ತಿಂಗಳಾಗಿತ್ತು. ಬೆಳಿಗ್ಗೆ ಹನ್ನೊಂದರ ಸುಮಾರು, ಧಪ್ ಎಂದು ಸದ್ದಾಯಿತು. ಹೋಗಿ ನೋಡಿದರೆ ಸಾಹೇಬ ಕೋಲಿನಿಂದ ಪಂಜರದ ತಳಕ್ಕೆ ಬಿದ್ದಿದ್ದ. ಕತ್ತು ಹಿಂದಕ್ಕೆ ತಿರುಚಿಕೊಂಡಿತ್ತು, ರೆಕ್ಕೆ ಪಟಪಟ ಬಡಿಯುತ್ತಿತ್ತು, ಕಾಲ ಬೆರಳು ಬಿಗಿದುಕೊಂಡಿದ್ದವು. ನನ್ನ ಕೈ ತಾನಾಗಿಯೇ ಗೋವಿಂದರಾಜನಗರದ ನಂಬರು ಒತ್ತಿತು.

"ಅಕ್ಕ, ಸಾಹೇಬ ಬಿದ್ಬಿಟ್ಟ. ಮೈಯೆಲ್ಲ ಅದುರ್ತಾ ಇದೆ. ಏನ್ ಮಾಡ್ಲಿ ಅಕ್ಕ?"

ಎರಡು ವರ್ಷದ ಮೇಲೆ ಆಡಿದ ಮೊದಲ ಮಾತು. ಅವರು ಯಾರು ಎಂದೂ ಕೇಳಲಿಲ್ಲ.

"ಟವೆಲ್ ಸುತ್ತು, ಬಿಗಿಯಾಗಿ ಹಿಡೀಬೇಡ. ರಟ್ಟಿನ ಡಬ್ಬದಲ್ಲಿ ಮಲಗಿಸ್ಕೊಂಡು ಆಟೋ ಹತ್ತು. ಬಸವೇಶ್ವರನಗರದಲ್ಲಿ ಡಾಕ್ಟರ್ ವೆಂಕಟೇಶ್ ಅಂತ ಇದಾರೆ, ಹಕ್ಕಿಗಳನ್ನ ನೋಡ್ತಾರೆ. ಅಡ್ರೆಸ್ ಬರ್ಕೋ. ನಾನು ಅಲ್ಲಿಗೇ ಬರ್ತೀನಿ. ಅಳ್ಬೇಡ, ನೀನು ಅತ್ರೆ ಅವನಿಗೂ ಭಯ ಆಗುತ್ತೆ."

ನಾನು ತಲುಪಿದಾಗ ಅವರು ಕ್ಲಿನಿಕ್ಕಿನ ಮೆಟ್ಟಿಲಲ್ಲಿ ನಿಂತಿದ್ದರು. ಸೀರೆಯ ನೆರಿಗೆ ಸರಿಯಾಗಿರಲಿಲ್ಲ. ಒಂದು ಕಾಲಿಗೆ ಅವರ ಚಪ್ಪಲಿ, ಇನ್ನೊಂದಕ್ಕೆ ಭಾವನದು. ನನ್ನ ಮುಖ ನೋಡದೆ ಡಬ್ಬ ಇಸಿದುಕೊಂಡು ಒಳಗೆ ನಡೆದರು.

ಡಾಕ್ಟರು ಎದೆಯ ಸ್ನಾಯುವಿಗೆ ಒಂದು ಇಂಜೆಕ್ಷನ್ ಕೊಟ್ಟರು. ಅದುರುವುದು ಮೆಲ್ಲಗೆ ನಿಂತಿತು. "ರಕ್ತದಲ್ಲಿ ಕ್ಯಾಲ್ಸಿಯಂ ಇಳಿದಿದೆ ಅನ್ಸುತ್ತೆ. ಬೂದು ಗಿಳಿಗಳಲ್ಲಿ ಇದು ಜಾಸ್ತಿ. ಏನ್ ತಿನ್ನಿಸ್ತೀರಿ?"

"ಎಲ್ಲ ಬರೆದಿಟ್ಟಿದೀವಿ ಸಾರ್. ಇವಳ ಹತ್ರ ಚೆನ್ನಾಗಿ ತಿನ್ನುತ್ತೆ. ಸೊಪ್ಪು, ಕ್ಯಾರೆಟ್ಟು, ಎಲ್ಲಾನೂ. ನನ್ನ ಕೈಲೇ ಏನೋ ತಪ್ಪಾಗಿರ್ಬೇಕು" ಎಂದರು ಗಿರಿಜಕ್ಕ.

ಡಾಕ್ಟರು ನನ್ನ ಕಡೆ ತಿರುಗಿದರು. ಮೇಜಿನ ಮೇಲೆ ಟವೆಲಿನೊಳಗೆ ಸಾಹೇಬನ ಕಣ್ಣು ಅರ್ಧ ತೆರೆದಿತ್ತು.

"ಇಲ್ಲ ಸಾರ್. ಸುಳ್ಳು ಬರೆದಿದ್ದೆ" ಎಂದೆ. "ದೀಪಾವಳಿಯಿಂದ ಸೊಪ್ಪು ಮುಟ್ಟಿಲ್ಲ. ಬರೀ ಬೀಜಾನೇ ಕೊಟ್ಟಿದೀನಿ. ಬಿಸಿಲಿಗೂ ಇಟ್ಟಿಲ್ಲ."

ಡಾಕ್ಟರು ಬೈಯಲಿಲ್ಲ. ನಿಜ ಹೇಳಿದ್ದು ಒಳ್ಳೆಯದಾಯಿತು, ಇನ್ನು ಸರಿ ಮಾಡಬಹುದು ಎಂದು ಹೇಳಿ, ನೀರಿಗೆ ಬೆರೆಸುವ ಔಷಧಿ ಬರೆದುಕೊಟ್ಟರು. ಬೀಜ ಬಂದ್, ದಿನಾ ಬಿಸಿಲು ಕಡ್ಡಾಯ. ಗಾಜಿನ ಹಿಂದೆ ಬರುವ ಬಿಸಿಲು ಲೆಕ್ಕಕ್ಕಿಲ್ಲ, ನೇರ ಬಿಸಿಲೇ ಆಗಬೇಕು ಎಂದರು.

ಆಟೋದಲ್ಲಿ ಡಬ್ಬ ಗಿರಿಜಕ್ಕನ ತೊಡೆಯ ಮೇಲಿತ್ತು. ಹಾವನೂರು ಸರ್ಕಲ್ ದಾಟುವವರೆಗೂ ಅವರು ಟವೆಲಿನ ಅಂಚು ಸರಿಮಾಡುತ್ತಲೇ ಇದ್ದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ನನ್ನ ಕೈಲೂ ತಿನ್ತಿರ್ಲಿಲ್ಲ ಕಣೇ" ಎಂದರು ಕೊನೆಗೆ. "ಚಟ್ನಿ ಮಾಡಿದೆ, ಮುದ್ದೆ ಒಳಗೆ ಇಟ್ಟೆ, ನಾನೇ ಅವನ ಮುಂದೆ ಹಸಿ ಸೊಪ್ಪು ಅಗಿದು ತೋರಿಸ್ದೆ. ನೀನು ಬರೆದಿದ್ದನ್ನ ಓದಿ ಓದಿ, ಕಲಾ ಕೈಲಿ ತಿನ್ನೋನು ನನ್ನ ಕೈಲಿ ಯಾಕೆ ತಿನ್ನಲ್ಲ, ನಾನೇನು ಅಷ್ಟು ಕೆಟ್ಟೋಳಾ ಅಂತ ಎಷ್ಟು ದಿನ ಅತ್ತಿದೀನಿ ಗೊತ್ತಾ?"

ಒಂದು ಹಕ್ಕಿಯ ವಿಷಯದಲ್ಲಿ ಸೋಲಬಾರದೆಂದು ಬರೆದ ಮೂರು ಸಾಲು, ಏಳೆಂಟು ಮೈಲಿ ಆಚೆ ಒಬ್ಬರನ್ನು ಹೀಗೆ ಅಳಿಸಿತ್ತು. ಅವರ ಕೈ ಹಿಡಿದುಕೊಂಡೆ. ಬಿಡಿಸಿಕೊಳ್ಳಲಿಲ್ಲ.

"ಅಕ್ಕ, ಕಲಾಗೆ ಹೇಳ್ಬೇಕು ಅಂತ ಇದ್ರಂತಲ್ಲ. ಏನದು?"

ಅವರು ತಿರುಗಿ ಡಬ್ಬದೊಳಗೆ ಕಣ್ಣು ಬಿಟ್ಟರು. "ಇವನು ಅದನ್ನೂ ಒದರಿದನಾ? ಚಾಡಿಕೋರ!" ಎಂದರು. ಮುಖ ಕೆಂಪಾಯಿತು. "ಏನಿರುತ್ತೆ? ಎದುರು ಮನೆ ರಾಮಮ್ಮ ಹೊಸ ಹಲ್ಲಿನ ಸೆಟ್ ಹಾಕಿಸ್ಕೊಂಡಿದ್ದು. ಹಾಲು ಉಕ್ಕಿದ್ದು. ದಿನಕ್ಕೆ ಹತ್ತು ಇರುತ್ತಪ್ಪ."

ರಾಮಮ್ಮನ ಹಲ್ಲಿನ ಕಥೆ ಮುಗಿಯುವಷ್ಟರಲ್ಲಿ ಗೋವಿಂದರಾಜನಗರ ಬಂದಿತ್ತು. ಎರಡು ವರ್ಷದ ಮೇಲೆ ಆ ಹೊಸಿಲು ತುಳಿದೆ.

ನಮ್ಮ ಕೆಂಗೇರಿ ಮನೆಗೆ ನೇರ ಬಿಸಿಲಿರಲಿಲ್ಲವಾದ್ದರಿಂದ ಸಾಹೇಬ ಚೇತರಿಸಿಕೊಳ್ಳುವವರೆಗೆ ಅಲ್ಲೇ ಉಳಿದ. ನಾನು ಇವರಿಗೆ ಹೇಳಿಯೇ ಹೋಗುತ್ತಿದ್ದೆ. ಮೊದಲ ದಿನ ಇವರು ಪೇಪರಿನಿಂದ ತಲೆ ಎತ್ತದೆ, "ಹಕ್ಕಿಗೋಸ್ಕರ ತಾನೇ?" ಎಂದರು. "ಹೂಂ, ಹಕ್ಕಿಗೋಸ್ಕರ" ಎಂದೆ. ವಾರಕ್ಕೆ ಮೂರು ದಿನ, ಶರಣ್ಯಾಳನ್ನು ಸ್ಕೂಲಿಗೆ ಬಿಟ್ಟು ಬಸ್ಸು ಹತ್ತುತ್ತಿದ್ದೆ. ಟೆರೇಸಿನಲ್ಲಿ ನೀರಿನ ಟ್ಯಾಂಕಿನ ಪಕ್ಕ ಚಾಪೆ ಹಾಸಿ, ಪಂಜರ ಇಟ್ಟು, ಹದ್ದು ಬಂದೀತೆಂದು ಅರ್ಧಕ್ಕೆ ಬಟ್ಟೆ ಹೊದಿಸಿ ಕೂರುತ್ತಿದ್ದೆವು. ನಾವು ತಿನ್ನುವುದನ್ನೇ ಅವನಿಗೂ ಕೊಡುವ ಉಪಾಯ ಅಕ್ಕನದು. ನಾನು ಸೌತೆಕಾಯಿ ಕಚ್ಚಿ ಅಕ್ಕನಿಗೆ ಕೊಡುವುದು, ಅವರು ಕಚ್ಚಿ ನನಗೆ ಕೊಡುವುದು, ಅವನ ಕಡೆ ನೋಡುವುದೇ ಇಲ್ಲ. ಸಾಹೇಬನಿಗೆ ತಡೆಯಲಾಗುತ್ತಿರಲಿಲ್ಲ. ಒಂಬತ್ತನೇ ದಿನ ಕಂಬಿಯಿಂದ ಕಾಲು ಚಾಚಿ ನನ್ನ ಕೈಯಲ್ಲಿದ್ದ ನುಗ್ಗೆಸೊಪ್ಪು ಕಿತ್ತುಕೊಂಡು ತಿಂದ. ಇಬ್ಬರೂ ಬಾಯಿಗೆ ಸೆರಗು ಒತ್ತಿಕೊಂಡು, ಅಲ್ಲಾಡದೆ, ಅವನು ನುಂಗುವವರೆಗೂ ಕಾದೆವು.

ಗಂಡಸರದು ನಿಧಾನ. ಆ ವರ್ಷ ಆಷಾಢದಲ್ಲಿ ಸೋಮಲಿಂಗಪ್ಪ ಮಾಮನಿಗೆ ಮಂಡಿ ನೋವು ಜಾಸ್ತಿಯಾಗಿ, ಒಂದು ಭಾನುವಾರ ಪಂಜರ ಹಿಡಿದು ಭಾವನೇ ಕೆಂಗೇರಿಗೆ ಬಂದರು. ಗೇಟಿನ ಹೊರಗೇ ನಿಂತಿದ್ದರು. ಇವರು ಹೋಗಿ ಪಂಜರ ಇಸಿದುಕೊಂಡರು. ಸ್ವಲ್ಪ ಹೊತ್ತು ಇಬ್ಬರೂ ಹಕ್ಕಿಯನ್ನೇ ನೋಡಿದರು.

"ಕಾಫಿ ಕುಡ್ಕೊಂಡು ಹೋಗು" ಎಂದರು ಇವರು.

ಭಾವ ಒಳಗೆ ಬಂದು ಕೂತರು. ಕಾಫಿ ಕುಡಿದು ಲೋಟ ಕೆಳಗಿಟ್ಟರು. ಆಮೇಲೆ ಭಾವ ಕೈಗಡಿಯಾರ ಬಿಚ್ಚಿ ಟೀಪಾಯಿ ಮೇಲಿಟ್ಟು, "ಅಂಗಡಿ ವಿಷಯದಲ್ಲಿ ನಿನ್ನ ಕೇಳ್ಬೇಕಿತ್ತು ಕಣೋ. ತಪ್ಪಾಯ್ತು" ಎಂದರು. ಆಮೇಲೆ ಮೆಲ್ಲಗೆ, "ಇದು ದಿನಕ್ಕೆ ಹತ್ತು ನಿಮಿಷ ಹಿಂದೆ ಓಡ್ತಿದೆ. ಬೇರೆಯೋರಿಗೆ ಕೊಡೋಕೆ ಮನಸ್ಸು ಬರ್ಲಿಲ್ಲ" ಎಂದರು. ಇವರು ಎದ್ದು ಒಳಗಿನ ಬೀರುವಿನಿಂದ ಅಪ್ಪನ ಉಪಕರಣದ ಪೆಟ್ಟಿಗೆ ತಂದರು. ಆ ಪೆಟ್ಟಿಗೆ ತೆರೆದದ್ದು ನಾನು ಕಂಡದ್ದು ಕೆಂಗೇರಿಗೆ ಬಂದಮೇಲೆ ಅದೇ ಮೊದಲು.

ಎರಡು ತಿಂಗಳ ಸರದಿ ಆಮೇಲೂ ನಡೆಯಿತು, ಸುಮ್ಮನೆ ಹೋಗಿಬರುವುದಕ್ಕೊಂದು ನೆಪ ಇರಲೆಂದು. ಎರಡು ಸಾವಿರದ ಒಂಬತ್ತರಲ್ಲಿ ಭಾವನಿಗೆ ದಾವಣಗೆರೆಗೆ ವರ್ಗವಾಯಿತು. ಆ ಮನೆ ಮಾರಿದರು. ಅಷ್ಟರಲ್ಲಿ ನಾವು ಹೊಸಹಳ್ಳಿಯ ಹತ್ತಿರ ಬಿಸಿಲು ಬೀಳುವ ಮನೆಗೆ ಬಂದಿದ್ದೆವು. ಸಾಹೇಬ ನಮ್ಮಲ್ಲೇ ಉಳಿದ. ಹೊರಡುವ ದಿನ ಅಕ್ಕ ಪಂಜರದ ಮುಂದೆ ಕೂತು, ಅವನ ಕತ್ತು ಕೆರೆಯುತ್ತಾ, "ಇವಳ ಮಾತು ಕೇಳು. ಸೊಪ್ಪು ತಿನ್ನು" ಎಂದರು. ಬಸ್ಸು ಹತ್ತಿದ ಮೇಲೆ ಕಿಟಕಿಯಿಂದ ಕೈ ಚಾಚಿ ನನ್ನ ಕೆನ್ನೆ ಮುಟ್ಟಿದರು.

ಗೋವಿಂದರಾಜನಗರದ ಆ ಜಾಗದಲ್ಲಿ ಈಗ ನಾಲ್ಕು ಮಹಡಿ ಎದ್ದಿದೆ. ಆ ಬೀದಿಯಲ್ಲಿ ಹೋಗುವಾಗಲೆಲ್ಲ ತಲೆ ಎತ್ತಿ ನೋಡುತ್ತೇನೆ. ನಾವು ಚಾಪೆ ಹಾಸುತ್ತಿದ್ದ ಎತ್ತರಕ್ಕೆ ಸರಿಯಾಗಿ ಯಾರದೋ ಮನೆಯ ಕಿಟಕಿ ಬಂದಿದೆ, ಅದಕ್ಕೆ ನೀಲಿ ಪರದೆ. ಬೆಳಗಿನ ಬಿಸಿಲು ಮಾತ್ರ ಈಗಲೂ ಮೊದಲು ಅಲ್ಲೇ ಬೀಳುತ್ತದೆ.